ಪಾಟಿ, ಬಳಪ ಮತ್ತು ನಮ್ಮ ಕನ್ನಡ ಶಾಲೆ

ಜೂನ್ ತಿಂಗಳು ಬಂತೆಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ತಿರುಗಾಡುತ್ತದೆ. ಸ್ಲೇಟು, ಬಳಪ, ಬಟ್ಟೆಯ ಚೀಲ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಮೇಷ್ಟ್ರ ಬೆತ್ತ. ಕೊನೆಗೆ, ಇವನ್ನೆಲ್ಲ ಕಂಡವರು ಕೈ ಎತ್ತಿ ಎಂಬ ಒಂದು ಸಾಲು. ನಾವೂ ಕೈ ಎತ್ತುತ್ತೇವೆ, ನಾಲ್ಕು ಜನರಿಗೆ ಕಳುಹಿಸುತ್ತೇವೆ. ಆದರೆ ಆ ಸಂದೇಶದಲ್ಲಿರುವುದು ಹೆಚ್ಚಾಗಿ ಊರಿನ ಶಾಲೆ. ಹಂಚಿನ ಮಾಡು, ಎದುರಿಗೆ ಗದ್ದೆ, ಪಕ್ಕದಲ್ಲಿ ತೋಡು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ಬೆಳೆದ ನಮ್ಮಂಥವರ ಶಾಲೆ ಅದಲ್ಲ. ನಮ್ಮ ಶಾಲೆಯ ಕಿಟಕಿಯಿಂದ ಗದ್ದೆ ಕಾಣುತ್ತಿರಲಿಲ್ಲ, ಲೋಕಲ್ ರೈಲಿನ ಸದ್ದು ಕೇಳುತ್ತಿತ್ತು. ಆದರೂ ಒಳಗೆ ಕರಿಹಲಗೆಯ ಮೇಲೆ ಇರುತ್ತಿದ್ದುದು ಅ ಆ ಇ ಈ.

ಮರಾಠಿ ನೆಲದಲ್ಲಿ, ಹಿಂದಿ ಮಾತಾಡುವ ರಸ್ತೆಯ ಬದಿಯಲ್ಲಿ, ಇಂಗ್ಲಿಷಿನ ಕನಸು ಕಾಣುವ ಊರಿನಲ್ಲಿ ಕನ್ನಡ ಶಾಲೆ ಹೇಗೆ ಬಂತು? ಯಾರು ಕಟ್ಟಿದರು? ಹಳೆಯ ನೆನಪುಗಳನ್ನು ಹಂಚಿಕೊಳ್ಳುವ ಮೊದಲು ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳೋಣ ಎಂದು ಈ ಲೇಖನ.

ಮುಂಬಯಿಯ ಕನ್ನಡ ಶಾಲೆಯ ಚರಿತ್ರೆ ಶುರುವಾಗುವುದು ಹಗಲಿನಲ್ಲಲ್ಲ, ರಾತ್ರಿಯಲ್ಲಿ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹಡಗಿನಲ್ಲೋ ಬಸ್ಸಿನಲ್ಲೋ ಮುಂಬಯಿಗೆ ಬರುತ್ತಿದ್ದರು. ಹೋಟೆಲಿನಲ್ಲಿ ಲೋಟ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಅದೇ ಟೇಬಲಿನ ಮೇಲೆ ಮಲಗುವುದು. ಓದಬೇಕೆಂಬ ಆಸೆ ಇದ್ದವರಿಗೆ ಸಂಜೆಯ ನಂತರದ ಹೊತ್ತು ಮಾತ್ರ ಉಳಿಯುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಶಾಲೆ ತೆರೆದವರು ನಮ್ಮ ಸಂಘ ಸಂಸ್ಥೆಗಳವರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಅದು ನಡೆಸಿದ ರಾತ್ರಿ ಶಾಲೆಯ ಹೆಸರಿನಲ್ಲೇ 'ಫ್ರೀ' ಎಂಬ ಮಾತಿದೆ, ಅಂದರೆ ಶುಲ್ಕವಿಲ್ಲ. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆಯನ್ನು ನಡೆಸಿತು. ಕೋಟೆ ಪ್ರದೇಶದಲ್ಲಿ ಕನ್ನಡ ಭವನ, ವಡಾಲದಲ್ಲಿ ಎನ್‌ಕೆಇಎಸ್, ಚೆಂಬೂರಿನಲ್ಲಿ ಕರ್ನಾಟಕ ಹೈಸ್ಕೂಲು, ಹೀಗೆ ಒಂದೊಂದಾಗಿ ಕನ್ನಡ ಶಾಲೆಗಳು ಎದ್ದವು. ಮುಂಬಯಿ ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿತು. ಹಗಲು ಚಹಾ ಕೊಟ್ಟ ಹುಡುಗ ರಾತ್ರಿ ಪುಸ್ತಕ ಹಿಡಿದು, ಎಸ್‌ಎಸ್‌ಸಿ ಮುಗಿಸಿ, ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕುರ್ಚಿ ಹಿಡಿದ ಕಥೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇದೆ. ನಮ್ಮ ಅಜ್ಜಂದಿರನ್ನು ಕೇಳಿದರೆ ಸಾಕು.

ಆದರೆ ಈ ಕಥೆಯಲ್ಲಿ ಒಂದು ವಿಷಯ ಗಮನಿಸಿ. ರಾತ್ರಿ ಶಾಲೆ ಹೆಚ್ಚಾಗಿ ಗಂಡುಮಕ್ಕಳ ಶಾಲೆ. ಮುಂಬಯಿಗೆ ಮೊದಲು ಬಂದವರು ಗಂಡಸರು ಮತ್ತು ಹುಡುಗರು. ಹೆಂಗಸರು ಊರಿನಲ್ಲಿ ಗದ್ದೆ, ಮನೆ, ಅತ್ತೆ ಮಾವಂದಿರನ್ನು ನೋಡಿಕೊಂಡು ಮನಿಯಾರ್ಡರಿಗೆ ಕಾಯುತ್ತಿದ್ದರು. ಇದೇ ಕಲ್ಯಾಣ್‌ನಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1886ರಲ್ಲೇ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದು ಹೆಣ್ಣುಮಕ್ಕಳ ಓದಿಗೆ ದಾರಿ ತೋರಿಸಿದ್ದರು. ಆದರೆ ಇಲ್ಲಿನ ಸಾಮಾನ್ಯ ಕನ್ನಡ ಮನೆಯ ಹುಡುಗಿಯ ಕೈಗೆ ಸ್ಲೇಟು ಬರಬೇಕಾದರೆ ಮೊದಲು ಅವಳ ತಾಯಿ ಇಲ್ಲಿಗೆ ಬರಬೇಕಿತ್ತು. ತಾಯಿ ಬರಬೇಕಾದರೆ ಒಂದು ಖೋಲಿ ಬೇಕಿತ್ತು. ಖೋಲಿ ಕೈಗೆಟಕುವ ಬಾಡಿಗೆಗೆ ಸಿಗುತ್ತಿದ್ದುದು ರೈಲು ಹಳಿಯ ಉದ್ದಕ್ಕೂ, ಪಟ್ಟಣದಿಂದ ದೂರದಲ್ಲಿ.

ಹಳಿ ಬಹಳ ಮೊದಲೇ ಬಂದಿತ್ತು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಓಡಿ ನಿಂತದ್ದು ನಮ್ಮ ಥಾಣೆಯಲ್ಲೇ. ಮರುವರ್ಷ ಅದು ಕಲ್ಯಾಣ್ ತಲುಪಿತು. ಆದರೆ ಕನ್ನಡ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಈ ಕಡೆ ಬಂದದ್ದು ಕಾರ್ಖಾನೆಗಳು ಬಂದ ಮೇಲೆ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ನಾವು ಎಂಐಡಿಸಿ ಎನ್ನುವುದು, ಸ್ಥಾಪನೆಯಾಯಿತು. ಥಾಣೆಯ ವಾಗ್ಳೆ ಎಸ್ಟೇಟ್, ಥಾಣೆ-ಬೇಲಾಪುರ ರಸ್ತೆ, ಡೊಂಬಿವಲಿಯ ಎಂಐಡಿಸಿ ಎಲ್ಲ ಬೆಳೆದವು. ಕಾರ್ಖಾನೆ ಇದ್ದಲ್ಲಿ ಕ್ಯಾಂಟೀನು, ಕ್ಯಾಂಟೀನು ಇದ್ದಲ್ಲಿ ನಮ್ಮವರು. 1970ರಲ್ಲಿ ಸಿಡ್ಕೋ ಬಂತು, ನವಿಮುಂಬಯಿ ಎಂಬ ಹೊಸ ನಗರ ಕಾಗದದ ಮೇಲಿಂದ ನೆಲಕ್ಕೆ ಇಳಿಯಿತು. 1992ರಲ್ಲಿ ಮಾನ್‌ಖುರ್ದ್‌ನಿಂದ ಖಾಡಿ ದಾಟಿ ವಾಶಿಗೆ ಲೋಕಲ್ ಬಂದ ಮೇಲೆ ಅಲ್ಲಿಯೂ ಕನ್ನಡದ ಮನೆಗಳು ಹೆಚ್ಚಿದವು.

ಕುಟುಂಬ ಬಂದಲ್ಲಿ ಹಗಲು ಶಾಲೆ ಬೇಕಾಯಿತು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು, ಮುಂದೆ ಅದರ ಕಾಲೇಜೂ ಬಂತು. ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ ಶಾಲೆಯ ಕೆಲಸಕ್ಕೆ ಕೈಹಾಕಿತು. ಈ ಸಂಘಗಳ ಹಿಂದೆ ದೊಡ್ಡ ಬಂಡವಾಳ ಇರಲಿಲ್ಲ. ಯಕ್ಷಗಾನ ಆಡಿಸಿ, ನಾಟಕದ ಟಿಕೆಟು ಮಾರಿ, ಸ್ಮರಣ ಸಂಚಿಕೆಗೆ ಜಾಹೀರಾತು ಬೇಡಿ, ರಸೀದಿ ಪುಸ್ತಕ ಹಿಡಿದು ಹೋಟೆಲಿನಿಂದ ಹೋಟೆಲಿಗೆ ಅಲೆದು ಕಟ್ಟಿದ ಗೋಡೆಗಳು ಅವು. ಇಂದು ನೀವು ಮೊಬೈಲಿನಲ್ಲಿ ಓದುತ್ತಿರುವ ಇಂಥ ಸ್ಮರಣ ಸಂಚಿಕೆಗಳು ಆಗ ಶಾಲೆಯ ಬೆಂಚು, ಫ್ಯಾನುಗಳಾಗಿ ಬದಲಾಗುತ್ತಿದ್ದವು. ರಾತ್ರಿ ಶಾಲೆ ಹುಡುಗರಿಗೆ ಬದುಕು ಕೊಟ್ಟಿತು. ಹಗಲು ಶಾಲೆ ಹುಡುಗಿಯರಿಗೂ ಬಾಗಿಲು ತೆರೆಯಿತು. ನಮ್ಮ ಮಹಿಳಾ ವಿಭಾಗದ ಹಿರಿಯ ಸದಸ್ಯೆಯರಲ್ಲಿ ಎಷ್ಟೋ ಮಂದಿ ಆ ಬಾಗಿಲಿನಿಂದಲೇ ಒಳಗೆ ಬಂದವರು.

ಈಗ ತರಗತಿಯ ಒಳಗೆ ಹೋಗೋಣ. ನಾನು ಶಾಲೆಗೆ ಹೋದದ್ದು ತೊಂಬತ್ತರ ದಶಕದಲ್ಲಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ 'ಬಾಲಭಾರತಿ' ಪುಣೆಯಲ್ಲಿ ಸ್ಥಾಪನೆಯಾದದ್ದು 1967ರಲ್ಲಿ. ಮರಾಠಿಯ ಜೊತೆಗೆ ಕನ್ನಡದಲ್ಲೂ ಅದು ಪುಸ್ತಕ ತರುತ್ತದೆ. ಹಾಗಾಗಿ ನಮ್ಮ ಗಣಿತ, ಇತಿಹಾಸ, ಭೂಗೋಲ ಎಲ್ಲವೂ ಕನ್ನಡದಲ್ಲಿ, ಆದರೆ ಮಹಾರಾಷ್ಟ್ರದ ಕಣ್ಣಿನಿಂದ. ಇತಿಹಾಸದಲ್ಲಿ ಶಿವಾಜಿ ಮಹಾರಾಜರು, ಭೂಗೋಲದಲ್ಲಿ ಸಹ್ಯಾದ್ರಿ, ಗೋದಾವರಿ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಹಳ್ಳಿಯ ಮಕ್ಕಳೂ ಇದೇ ಪುಸ್ತಕ ಓದುತ್ತಿದ್ದರು, ಈಗಲೂ ಅಲ್ಲಿ ಕನ್ನಡ ಶಾಲೆಗಳಿವೆ. ಬೆಂಗಳೂರಿನ ಮಗು ಕಾಣದ ಒಂದು ಕನ್ನಡ ಪುಸ್ತಕವನ್ನು ಡೊಂಬಿವಲಿಯ ಮಗು ಮತ್ತು ಜತ್ತದ ಮಗು ಒಟ್ಟಿಗೆ ಓದಿದ್ದವು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಮಕ್ಕಳಿಗೆ ನಮ್ಮ ಪುಸ್ತಕ ವಿಚಿತ್ರ, ನಮಗೆ ಅವರದ್ದು ವಿಚಿತ್ರ.

ಸ್ಲೇಟಿಗೆ ನಮ್ಮಲ್ಲಿ ಎರಡು ಹೆಸರು. ಕರಾವಳಿಯವರಿಗೆ ಅದು ಸ್ಲೇಟು, ಉತ್ತರ ಕರ್ನಾಟಕದವರಿಗೆ ಪಾಟಿ, ಪಕ್ಕದ ಮನೆಯ ಮರಾಠಿಯವರಿಗೂ ಪಾಟೀ. ಒಂದೇ ಬೆಂಚಿನಲ್ಲಿ ಕುಂದಾಪುರದ ಹುಡುಗಿ, ವಿಜಯಪುರದ ಹುಡುಗಿ, ಕಲಬುರಗಿಯ ಹುಡುಗಿ. ಒಬ್ಬಳು 'ಎಂತ' ಎಂದರೆ ಇನ್ನೊಬ್ಬಳು 'ಏನವಾ' ಎನ್ನುವಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರೂ ಇದ್ದರು. ಕರ್ನಾಟಕದ ಒಂದು ಊರಿನ ಶಾಲೆಯಲ್ಲಿ ಸಿಗದ ಇಡೀ ಕರ್ನಾಟಕ ಇಲ್ಲಿ ಒಂದೇ ಕೋಣೆಯಲ್ಲಿ ಸಿಗುತ್ತಿತ್ತು. ಊರಿನಲ್ಲಿ ಸ್ಲೇಟು ಒರೆಸಲು ತೋಡಿನ ಬದಿಯ ನೀರುಕಡ್ಡಿ ಸಿಗುತ್ತಿತ್ತಂತೆ. ನಮಗೆ ಸಿಗುತ್ತಿದ್ದುದು ಒಂದು ಸಣ್ಣ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದೂ ಒಣಗಿದರೆ ಫ್ರಾಕಿನ ತುದಿ.

ಬಳಪದ ವಿಷಯ ಒಂದು ಹೇಳಬೇಕು. ಬಳಪ ಒಂದು ಕಲ್ಲು, ಮೆತ್ತಗಿನ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕೆತ್ತಿದ್ದೂ ಬಳಪದ ಕಲ್ಲಿನಲ್ಲೇ. ಮೆತ್ತಗಿದ್ದುದರಿಂದಲೇ ಹೊಯ್ಸಳರ ಶಿಲ್ಪಿಗಳಿಗೆ ಅಷ್ಟು ನವಿರಾದ ಕೆತ್ತನೆ ಸಾಧ್ಯವಾಯಿತು. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಅವರ ಕಣ್ಣು ಅರಳುತ್ತದೆ. ಕಂಪಾಸ್ ಪೆಟ್ಟಿಗೆಯ ಕತೆಯೂ ಹಾಗೆಯೇ, ಅದು ಈ ನಗರದ್ದೇ. ದಾಂಡೇಕರ್ ಸಹೋದರರು 1931ರಲ್ಲಿ ಮುಂಬಯಿಯಲ್ಲಿ ಶಾಯಿಯ ಪುಡಿ ತಯಾರಿಸಲು ಶುರುಮಾಡಿದ ಉದ್ಯಮವೇ ಮುಂದೆ ಕ್ಯಾಮ್ಲಿನ್ ಆಯಿತು.

ಪರೀಕ್ಷೆಯ ಪ್ರಶ್ನೆಪತ್ರಿಕೆ ಇನ್ನೊಂದು ನೆನಪು. ಕನ್ನಡ ಟೈಪ್‌ರೈಟರ್ ಎಲ್ಲರ ಹತ್ತಿರ ಎಲ್ಲಿತ್ತು? ಟೀಚರ್ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಮೊನೆಯ ಪೆನ್ನಿನಿಂದ ಗೀಚಿ ಬರೆಯುತ್ತಿದ್ದರು. ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿದರೆ ಒಂದೊಂದೇ ಪ್ರತಿ ಹೊರಬರುತ್ತಿತ್ತು. ಶಾಯಿಯ ವಾಸನೆ ಇನ್ನೂ ಆರದ ಆ ಹಾಳೆಯಲ್ಲಿ ಇರುತ್ತಿದ್ದುದು ಟೀಚರ್ ಕೈಬರಹ. ಪ್ರಶ್ನೆ ಕಷ್ಟವಾದರೂ ಅಕ್ಷರ ಪರಿಚಿತ, ಅದೇ ಒಂದು ಧೈರ್ಯ.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ. ಮಳೆಗಾಲದಲ್ಲಿ ಮಾಡು ಸೋರುತ್ತಿತ್ತು. ಮೂವರ ಬೆಂಚಿನಲ್ಲಿ ಐವರು ಕೂರುತ್ತಿದ್ದೆವು. ಬೆತ್ತದ ಹೆದರಿಕೆಗೆ ಶಾಲೆ ಬಿಟ್ಟವರೂ ಇದ್ದರು. ಹುಡುಗಿಯರು ಏಳನೆಯದು ಮುಗಿಸಿದ ಮೇಲೆ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿದುಬಿಡುವುದು ಅಪರೂಪವಾಗಿರಲಿಲ್ಲ. ಆ ದಿನಗಳೇ ವಾಪಸು ಬರಲಿ ಎಂದು ನಾನಂತೂ ಹೇಳಲಾರೆ. ಆದರೆ ಆ ದಿನಗಳಲ್ಲಿ ಒಂದು ಸಂಗತಿ ತಾನಾಗಿಯೇ ನಡೆಯುತ್ತಿತ್ತು. ಮಗು ಕನ್ನಡ ಬರೆಯುತ್ತಿತ್ತು, ಮತ್ತು ಬರೆದದ್ದನ್ನು ಓದಲು ಯಾರೋ ಒಬ್ಬರು ಕಾಯುತ್ತಿದ್ದರು.

ಕಾಯುತ್ತಿದ್ದವರು ಊರಿನ ಅಜ್ಜಿ. ನಮ್ಮ ಕನ್ನಡದ ನಿಜವಾದ ಪರೀಕ್ಷೆ ಶಾಲೆಯಲ್ಲಿ ಅಲ್ಲ, ಇನ್‌ಲ್ಯಾಂಡ್ ಪತ್ರದಲ್ಲಿ ನಡೆಯುತ್ತಿತ್ತು. 1950ರಲ್ಲಿ ಅಂಚೆ ಇಲಾಖೆ ತಂದ ಆ ನೀಲಿ ಕಾಗದದ ಮೂರು ಮಡಿಕೆಯಲ್ಲಿ ಇಡೀ ಮನೆಯ ಸುದ್ದಿ ತುಂಬಬೇಕಿತ್ತು. ಅಪ್ಪ ಅರ್ಧ ಬರೆಯುವರು, ಅಮ್ಮ ಕಾಲು ಭಾಗ, ಅಂಚಿನಲ್ಲಿ ಉಳಿದ ಜಾಗ ಮಕ್ಕಳಿಗೆ. 'ಅಜ್ಜಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು' ಎಂದು ಶುರು. ತಪ್ಪಿದ ಒತ್ತಕ್ಷರಕ್ಕೆ ಅಮ್ಮ ಅಡುಗೆಮನೆಯಿಂದಲೇ ಕೂಗಿ ತಿದ್ದುವರು. ಕೊನೆಗೆ ವಿಳಾಸ ಮತ್ತು ಪಿನ್ ಕೋಡ್ ಬರೆಯುವ ಕೆಲಸವೂ ನಮ್ಮದೇ.

ಈ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಅಂಚೆ ಇಲಾಖೆಯ ಹಿರಿಯ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಲಿಪಿಯ ವಿಳಾಸಗಳು, ಇವುಗಳ ಗೊಂದಲಕ್ಕೆ ಅವರು ಕೊಟ್ಟ ಉತ್ತರ ಆರು ಅಂಕಿ. ಡೊಂಬಿವಲಿ ಪೂರ್ವಕ್ಕೆ 421201, ಉಡುಪಿಗೆ 576101. ಕನ್ನಡದಲ್ಲಿ ಬರೆದ ವಿಳಾಸ ಮಹಾರಾಷ್ಟ್ರದ ಅಂಚೆಪೆಟ್ಟಿಗೆಯಿಂದ ಹೊರಟು ದಾರಿ ತಪ್ಪದೆ ಅಜ್ಜಿಯ ಕೈ ಸೇರುತ್ತಿದ್ದುದರಲ್ಲಿ ಆ ಅಂಕಿಗಳ ಪಾಲು ದೊಡ್ಡದು. ಯಂತ್ರವಿಲ್ಲದ ಕಾಲದಲ್ಲೂ ತಂತ್ರಜ್ಞಾನ ಇತ್ತು, ನಾವು ಅದನ್ನು ಹಾಗೆಂದು ಕರೆಯುತ್ತಿರಲಿಲ್ಲ ಅಷ್ಟೆ.

ಆಮೇಲೆ ಬದಲಾವಣೆ ಬೇಗ ಬೇಗ ಬಂತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆಯಿತು. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿ ಊರು ಒಂದು ರಾತ್ರಿಯಷ್ಟು ಹತ್ತಿರವಾಯಿತು. ಎಸ್‌ಟಿಡಿ ಬೂತಿನ ಕೆಂಪು ಅಂಕಿ ನೋಡುತ್ತ ಅವಸರದಲ್ಲಿ ಮಾತಾಡುವುದು ಹೋಗಿ, ಮನೆಯ ಫೋನು, ಕೈಯ ಫೋನು ಬಂದವು. ಅಜ್ಜಿಯ ದನಿ ಕೇಳುವಂತಾಯಿತು, ಅದು ಸಣ್ಣ ಸಂತೋಷವಲ್ಲ. ಆದರೆ ಪತ್ರ ನಿಂತಿತು. ಮಗುವಿಗೆ ಕನ್ನಡ ಬರೆಯಲು ಇದ್ದ ಕಾರಣವೂ ಪತ್ರದ ಜೊತೆಗೇ ಹೋಯಿತು.

ಕಂಪ್ಯೂಟರ್ ಬಂದು ಕನ್ನಡವನ್ನು ಕೊಂದಿತು ಎಂದು ಕೆಲವರು ಹೇಳುತ್ತಾರೆ. ಆ ಕ್ಷೇತ್ರದಲ್ಲೇ ಕೆಲಸ ಮಾಡುವ ನನಗೆ ಹಾಗೆ ಅನಿಸುವುದಿಲ್ಲ. ಕನ್ನಡ ಕಂಪ್ಯೂಟರಿಗೆ ಬಂದ ಕಥೆ ನೋಡಿ. ಇಂದು ಕನ್ನಡಿಗರು ಬಳಸುವ ಪ್ರಸಿದ್ಧ ಕೀಲಿಮಣೆ ವಿನ್ಯಾಸವನ್ನು ರೂಪಿಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್. ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಅಂದರೆ ನಮ್ಮ ಹಾಗೆಯೇ ಈ ನಗರದ ಅನ್ನ ಉಂಡವರು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದು ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿತು.

ಇದರ ಒಳಗಿನ ಕೆಲಸ ಇನ್ನೂ ಸ್ವಾರಸ್ಯ. ನೀವು ಫೋನಿನಲ್ಲಿ 'ಕಿ' ಎಂದು ಬರೆದಾಗ ಅದು ಒಂದು ಅಕ್ಷರವಾಗಿ ಶೇಖರವಾಗುವುದಿಲ್ಲ. 'ಕ' ಒಂದು ಸಂಕೇತ, ಗುಡಿಸು ಇನ್ನೊಂದು ಸಂಕೇತ, ಎರಡೂ ಸೇರಿ ಪರದೆಯ ಮೇಲೆ 'ಕಿ'. 'ಕ್ಷ' ಎಂದರೆ ಕ, ಅರ್ಧಾಕ್ಷರದ ಗುರುತು, ಷ, ಹೀಗೆ ಮೂರು ಸಂಕೇತ. ಇದು ನಮಗೆ ಹೊಸದೇ? ಕ ಕಾ ಕಿ ಕೀ ಎಂದು ರಾಗವಾಗಿ ಹೇಳಿಸುತ್ತಿದ್ದ ಟೀಚರ್ ಕಲಿಸಿದ ಕಾಗುಣಿತವೇ ಇದು. ವ್ಯಂಜನಕ್ಕೆ ಸ್ವರ ಸೇರಿಸು, ಅಕ್ಷರ ಬದಲಾಗುತ್ತದೆ. ಒತ್ತಕ್ಷರ ಬಿಡಿಸಿ ಬರೆ ಎಂದಾಗ ನಾವು ಸ್ಲೇಟಿನಲ್ಲಿ ಮಾಡಿದ್ದನ್ನೇ ಇಂದು ಯಂತ್ರ ಮಾಡುತ್ತಿದೆ. ಎಂಟೆಕ್ ಓದುವಾಗ ಇದನ್ನು ಮೊದಲ ಸಲ ನೋಡಿದ ದಿನ ನನ್ನ ಒಂದನೆಯ ತರಗತಿಯ ಟೀಚರ್ ನೆನಪಾದರು. ಸಹಪಾಠಿಗಳಿಗೆ ಹೊಸ ಪಾಠವಾಗಿದ್ದದ್ದು ನನಗೆ ಹಳೆಯ ಕಾಗುಣಿತವಾಗಿತ್ತು.

ಹಾಗಾದರೆ ಬೇಸರ ಎಲ್ಲಿ? ಕನ್ನಡ ಯಂತ್ರಕ್ಕೆ ಬಂದ ಆ ವರ್ಷಗಳಲ್ಲೇ ಇಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಖಾಲಿಯಾಗುತ್ತ ಬಂದವು. ಮುಂಬಯಿ ಮತ್ತು ಉಪನಗರಗಳಲ್ಲಿ ಒಂದೊಂದಾಗಿ ಕನ್ನಡ ವಿಭಾಗಗಳು ಮುಚ್ಚಿದವು, ರಾತ್ರಿ ಶಾಲೆಗಳಿಗೆ ಮಕ್ಕಳು ಇಲ್ಲವಾದರು. ಇದಕ್ಕೆ ಯಾರನ್ನೂ ದೂರುವುದು ನ್ಯಾಯವಲ್ಲ. ಹೋಟೆಲಿನಲ್ಲಿ ದುಡಿಯುವ ಬಾಲಕರು ಇಲ್ಲವಾದದ್ದು ಒಳ್ಳೆಯದೇ. ತಂದೆ ತಾಯಿ ಇಂಗ್ಲಿಷ್ ಮಾಧ್ಯಮ ಆರಿಸಿದ್ದು ಮಕ್ಕಳ ಹೊಟ್ಟೆಪಾಡಿನ ಯೋಚನೆಯಿಂದ. ಫಲವಾಗಿ ಇಂದು ನಮ್ಮ ಮನೆಗಳಲ್ಲಿ ಹೊಸ ಬಗೆಯ ಮಕ್ಕಳಿದ್ದಾರೆ. ಕನ್ನಡ ಅರ್ಥವಾಗುತ್ತದೆ, ಅಲ್ಪಸ್ವಲ್ಪ ಮಾತೂ ಬರುತ್ತದೆ, ಆದರೆ ಓದಲು ಬರುವುದಿಲ್ಲ. ಕೈಯಲ್ಲಿರುವ ಫೋನಿಗೆ ಕನ್ನಡ ಬರುತ್ತದೆ, ಫೋನು ಹಿಡಿದ ಕೈಗೆ ಬರುವುದಿಲ್ಲ. ಈ ಸಂಚಿಕೆ ನಿಮ್ಮ ಮೊಬೈಲಿಗೆ ಬಂದಾಗ ಪಕ್ಕದಲ್ಲಿ ಕುಳಿತ ಮಗ ಅಥವಾ ಮಗಳು ಇದರ ಶೀರ್ಷಿಕೆಯನ್ನಾದರೂ ಓದಬಲ್ಲರೇ? ಎಷ್ಟೋ ಮನೆಗಳಲ್ಲಿ ಉತ್ತರ ಇಲ್ಲ ಎಂದೇ.

ಇಲ್ಲಿ ಚರಿತ್ರೆ ನಮಗೆ ಒಂದು ಮಾತು ಹೇಳುತ್ತದೆ. ನಮ್ಮ ಶಾಲೆ ಎಂದೂ ಸ್ಲೇಟಿನ ಮೇಲೆ ನಿಂತಿರಲಿಲ್ಲ. ಅದು ನಿಂತದ್ದು ಮೂವರ ಮೇಲೆ. ರಸೀದಿ ಪುಸ್ತಕ ಹಿಡಿದು ಅಲೆದ ಸಂಘದವರು, ಕಡಿಮೆ ಸಂಬಳಕ್ಕೆ ರಾತ್ರಿ ಹಗಲು ಕಲಿಸಿದ ಶಿಕ್ಷಕರು, ಅಡುಗೆಮನೆಯಿಂದ ಒತ್ತಕ್ಷರ ತಿದ್ದಿದ ತಾಯಂದಿರು. ಸ್ಲೇಟಿನ ಜಾಗಕ್ಕೆ ಟ್ಯಾಬ್ ಬಂದರೆ ತೊಂದರೆ ಇಲ್ಲ. ಈ ಮೂವರ ಜಾಗಕ್ಕೆ ಯಾವ ಆ್ಯಪ್ ಕೂಡ ಬರಲಾರದು. ಸಂಘ ಇನ್ನೂ ಇದೆ. ಶಿಕ್ಷಕಿಯರಾಗಿ ನಿವೃತ್ತರಾದವರು ನಮ್ಮ ಮಹಿಳಾ ವಿಭಾಗದಲ್ಲೇ ಇದ್ದಾರೆ. ತಾಯಂದಿರಂತೂ ನಾವೇ.

ಹಾಗಾಗಿ ಎರಡು ಸಣ್ಣ ಕೆಲಸಗಳನ್ನು ಕೇಳಿಕೊಳ್ಳುತ್ತೇನೆ. ಒಂದು, ನಿಮ್ಮ ಮನೆಯಲ್ಲಿ ಹಳೆಯ ಶಾಲೆಯ ಸ್ಮರಣ ಸಂಚಿಕೆ, ತರಗತಿಯ ಫೋಟೊ, ರಾತ್ರಿ ಶಾಲೆಯ ಅಂಕಪಟ್ಟಿ, ಚಂದಾ ರಸೀದಿ ಏನೇ ಇದ್ದರೂ ಎಸೆಯಬೇಡಿ. ಮೊಬೈಲಿನಲ್ಲೇ ಒಂದು ಸ್ಪಷ್ಟ ಚಿತ್ರ ತೆಗೆದು ಹೆಸರು, ವರ್ಷ ಬರೆದು ಸಂಘಕ್ಕೆ ಕೊಡಿ. ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ಮಾತನ್ನು ರೆಕಾರ್ಡ್ ಮಾಡಿಡಿ. ಹತ್ತು ವರ್ಷ ಕಳೆದರೆ ಕೇಳೋಣವೆಂದರೂ ಯಾರೂ ಇರುವುದಿಲ್ಲ.

ಎರಡನೆಯದು, ಮಕ್ಕಳಿಗೆ ಕನ್ನಡ ಕಲಿಸುವ ಜೊತೆಗೆ ಅದನ್ನು ಬರೆಯಲು ಒಂದು ಕಾರಣವನ್ನೂ ಕೊಡಿ. ವರ್ಣಮಾಲೆಯಲ್ಲಿರುವುದು 49 ಅಕ್ಷರ, ದಿನಕ್ಕೊಂದು ಎಂದರೂ ಎರಡು ತಿಂಗಳೊಳಗೆ ಮುಗಿಯುತ್ತದೆ. ಆಮೇಲೆ ಊರಿನ ಅಜ್ಜಿಗೋ ದೊಡ್ಡಮ್ಮನಿಗೋ ಒಂದು ಪತ್ರ ಬರೆಸಿ. ಅಂಚೆ ಕಚೇರಿ ಇನ್ನೂ ಇದೆ, ಪಿನ್ ಕೋಡ್ ಕೂಡ ಅದೇ ಇದೆ. ಪತ್ರ ತಲುಪಿದ ದಿನ ಅಜ್ಜಿ ಫೋನು ಮಾಡುತ್ತಾರೆ. ಆಗ ಫೋನನ್ನು ಮಗುವಿನ ಕೈಗೆ ಕೊಟ್ಟುಬಿಡಿ.